ಒಂದು ಫೋಲ್ಡರನ್ನು ಎಲ್ಲರಿಗೂ ತೆರೆದಿಟ್ಟ ಕೆಲಸದ ದಿನಚರಿ

ನಾನೂ ಅಕ್ಕನೂ ಸುಮಾರು ಹದಿನೈದು ವರ್ಷದಿಂದ ಹಳೇ ರೇಡಿಯೋ, ಆಂಪ್ಲಿಫೈಯರ್ ರಿಪೇರಿ ಮಾಡುತ್ತಾ ಬಂದಿದ್ದೇವೆ. ಪ್ರತಿ ಸೆಟ್ಟಿಗೂ ನೋಟ್‌ಬುಕ್ಕಿನಲ್ಲಿ ಒಂದಿಷ್ಟು ಪುಟ ಇರುತ್ತದೆ. ಯಾವ ಕೆಪಾಸಿಟರ್ ಹೋಗಿತ್ತು, ಎಲ್ಲಿ ಎಷ್ಟು ವೋಲ್ಟ್ ಬಂತು, ಕೈಯಲ್ಲೇ ಬಿಡಿಸಿದ ಸರ್ಕ್ಯೂಟ್, ಹೀಗೆ. ಅದನ್ನೆಲ್ಲ ಸ್ಕ್ಯಾನ್ ಮಾಡಿ ಮುಗಿಸಿದಾಗ 212 ಫೋಲ್ಡರ್, 4 ಸಾವಿರಕ್ಕೂ ಜಾಸ್ತಿ ಪುಟ ಆಯಿತು. ಇದೇ ಕೆಲಸ ಮಾಡುವ ಬೇರೆಯವರಿಗೂ ಇದು ಸಿಗಲಿ ಅನ್ನುವುದು ನಮ್ಮಿಬ್ಬರ ಆಸೆ.

ಇದಕ್ಕೆ ಡೇಟಾಬೇಸ್, ಹುಡುಕುವ ಪುಟ, ಲಾಗಿನ್ ಎಲ್ಲ ಕಟ್ಟಬಹುದಿತ್ತು. ನಾನು ಬೇಡ ಅಂದೆ. ಫೋಲ್ಡರ್ ತೆರೆದರೆ ಒಳಗಿರುವುದರ ಪಟ್ಟಿ ಬರಬೇಕು, ಹೆಸರು ಒತ್ತಿದರೆ ಫೈಲ್ ಬರಬೇಕು, ಅಷ್ಟೇ. ವೆಬ್ ಸರ್ವರಿಗೆ ಈ ಕೆಲಸ ಮೊದಲಿನಿಂದಲೂ ಗೊತ್ತು. ಹಳೇ ಫೋನಿನಲ್ಲೂ ನಡೆಯುತ್ತದೆ. ದೊಡ್ಡ ಫೈಲ್ ಅರ್ಧಕ್ಕೆ ನಿಂತರೆ ಅಲ್ಲಿಂದಲೇ ಮುಂದುವರಿಸಬಹುದು. ಹತ್ತು ವರ್ಷ ಬಿಟ್ಟು ಫೋಲ್ಡರನ್ನು ಬೇರೆ ಯಂತ್ರಕ್ಕೆ ಕಾಪಿ ಮಾಡಿದರೂ ಏನೂ ಮುರಿಯುವುದಿಲ್ಲ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಇಲ್ಲಿ ಆದೇಶಗಳ ಹೆಸರನ್ನು ಕನ್ನಡ ಅಕ್ಷರದಲ್ಲೇ ಬರೆದಿದ್ದೇನೆ. ಸರ್ವರಿನ ಸೆಟ್ಟಿಂಗ್ ಬರೆಯುವ ಫೈಲಿನೊಳಗೆ ಅವನ್ನು ಇಂಗ್ಲಿಷ್ ಅಕ್ಷರದಲ್ಲೇ ಟೈಪ್ ಮಾಡಬೇಕು.

ಮೊದಲ ಸಂಜೆ: ಒಳಗೇನಿದೆ ಅಂತ ನೋಡಿದ್ದು

ಸರ್ವರ್ ಮುಟ್ಟುವ ಮೊದಲು, ಹೊರಗಿನವರ ಕಣ್ಣಿಗೆ ಈ ಫೋಲ್ಡರ್ ಹೇಗೆ ಕಾಣುತ್ತದೆ ಅಂತ ನೋಡಬೇಕಿತ್ತು. ಅದಕ್ಕೆ ಪೈಥಾನ್ ಸಾಕು. ಪೈಥಾನ್ 3ರ ಜೊತೆಗೇ ಎಚ್‌ಟಿಟಿಪಿ.ಸರ್ವರ್ ಅನ್ನುವ ಮಾಡ್ಯೂಲ್ ಬರುತ್ತದೆ. ಫೋಲ್ಡರಿನ ಒಳಗೆ ನಿಂತು ಅದನ್ನು ಚಾಲೂ ಮಾಡಿದರೆ 8000ನೇ ಪೋರ್ಟಿನಲ್ಲಿ ಪಟ್ಟಿ ತೆರೆದುಕೊಳ್ಳುತ್ತದೆ. ಏನೂ ಹೇಳದಿದ್ದರೆ ಅದು ಯಂತ್ರದ ಎಲ್ಲ ನೆಟ್‌ವರ್ಕ್ ವಿಳಾಸಗಳಲ್ಲೂ ಕಿವಿ ತೆರೆದು ಕೂರುತ್ತದೆ. ಹಾಗಾಗಿ ಬೈಂಡ್ ಅನ್ನುವ ಆಯ್ಕೆ ಕೊಟ್ಟು 127.0.0.1ಕ್ಕೆ, ಅಂದರೆ ಇದೇ ಯಂತ್ರಕ್ಕೆ ಮಾತ್ರ, ಕಟ್ಟಿಹಾಕಿದೆ. ಇದು ನೋಡುವುದಕ್ಕೆ ಮಾತ್ರ. ಊರಿಗೆಲ್ಲ ತೆರೆದಿಡುವ ಸರ್ವರ್ ಅಲ್ಲ ಅಂತ ಪೈಥಾನಿನ ಕೈಪಿಡಿಯೇ ಹೇಳುತ್ತದೆ.

ಹೀಗೆ ನೋಡಿದ್ದು ಒಳ್ಳೇದೇ ಆಯಿತು. ಪೈಥಾನ್ ಚುಕ್ಕೆಯಿಂದ ಶುರುವಾಗುವ ಫೈಲುಗಳನ್ನೂ ಪಟ್ಟಿಯಲ್ಲಿ ತೋರಿಸುತ್ತದೆ. ಫೈಲುಗಳ ಹಳೇ ಆವೃತ್ತಿಗಳನ್ನೆಲ್ಲ ಕೂಡಿಡುವ, ನಾನು ಮರೆತೇಬಿಟ್ಟಿದ್ದ ಒಂದು .ಗಿಟ್ ಫೋಲ್ಡರ್ ಅಲ್ಲಿ ಕೂತಿತ್ತು. ಎಡಿಟರ್ ಬಿಟ್ಟುಹೋದ ಹಳೇ ಪ್ರತಿಗಳು, ಬಾಲದಲ್ಲಿ ~ ಚಿಹ್ನೆ ಇರುವಂಥವು, ಒಂದು ಇಪ್ಪತ್ತಾದರೂ ಇದ್ದವು. ಸ್ಕ್ಯಾನರಿನ ಪಾಸ್‌ವರ್ಡ್ ಬರೆದಿಟ್ಟಿದ್ದ ಒಂದು ಸಣ್ಣ ಟೆಕ್ಸ್ಟ್ ಫೈಲೂ ಸಿಕ್ಕಿತು.

ಅದಕ್ಕಿಂತ ಗಂಭೀರವಾದದ್ದು ಪುಟಗಳಲ್ಲೇ ಇತ್ತು. ಹಲವು ನೋಟ್‌ಬುಕ್ ಪುಟಗಳ ಮೂಲೆಯಲ್ಲಿ ಸೆಟ್ ಕೊಟ್ಟವರ ಹೆಸರು, ಫೋನ್ ನಂಬರ್ ಇದ್ದವು. ಅವರು ನಮ್ಮನ್ನು ನಂಬಿ ಬರೆಸಿದ್ದು ಅದು. ಎರಡು ಸಂಜೆ ಕೂತು, ಆ ಮೂಲೆಗಳನ್ನೆಲ್ಲ ಕತ್ತರಿಸಿ ಹೊಸದಾಗಿ ಉಳಿಸಿದೆವು. ಕೆಲವು ಪುಟಗಳನ್ನು ಸ್ಕ್ಯಾನರ್ ಬದಲು ಫೋನಿನಲ್ಲಿ ಫೋಟೋ ತೆಗೆದಿದ್ದೆವು. ಫೋನಿನ ಫೋಟೋದೊಳಗೆ ತೆಗೆದ ಜಾಗದ ಅಕ್ಷಾಂಶ ರೇಖಾಂಶ ಕೂಡ ಅಡಗಿರಬಹುದು. ಎಕ್ಸಿಫ್‌ಟೂಲ್ ಓಡಿಸಿ ಅದನ್ನೂ ಅಳಿಸಿದೆ.

ಇಡೀ ಕೆಲಸದಲ್ಲಿ ಜಾಸ್ತಿ ಸಮಯ ಹೋಗಿದ್ದು ಇಲ್ಲಿಯೇ. ಪಟ್ಟಿ ತೆರೆಯುವುದು ಒಂದು ಸಾಲಿನ ಕೆಲಸ. ತೆರೆಯಲು ಯೋಗ್ಯವಾದ ಫೋಲ್ಡರ್ ತಯಾರು ಮಾಡುವುದು ನಾಲ್ಕು ಸಂಜೆಯ ಕೆಲಸ. ಪಟ್ಟಿ ಇಲ್ಲದಿದ್ದಾಗ ಒಂದು ಬೇಡದ ಫೈಲ್ ಒಳಗಿದ್ದರೂ ಅದರ ಹೆಸರು ಊಹಿಸಿದವರಿಗೆ ಮಾತ್ರ ಸಿಗುತ್ತದೆ. ಪಟ್ಟಿ ತೆರೆದ ಮೇಲೆ ಊಹಿಸುವ ಅಗತ್ಯವೇ ಇಲ್ಲ, ಅಲ್ವಾ? ಹಾಗಾಗಿ ನಾನು ಪಟ್ಟಿಗಾಗಿಯೇ ಒಂದು ಹೊಸ ಫೋಲ್ಡರ್ ಮಾಡಿದೆ. ನೋಡಿ, ಒಪ್ಪಿ, ಒಂದೊಂದಾಗಿ ಅದರೊಳಗೆ ಹಾಕಿದೆ. ಕೆಲಸ ಮಾಡುವ ಫೋಲ್ಡರನ್ನೇ ತೆರೆದಿಡುವ ಯೋಚನೆ ಬಿಟ್ಟೆ.

ಮೂರು 403

ಯಂತ್ರದಲ್ಲಿ ಡೆಬಿಯನ್ ಅನ್ನುವ ಲಿನಕ್ಸ್ ಇದೆ, ಅಪಾಚೆ 2.4 ಅನ್ನುವ ವೆಬ್ ಸರ್ವರ್ ಇದೆ. ಹೊಸ ಫೋಲ್ಡರ್ ನನ್ನ ಹೋಮ್ ಡೈರೆಕ್ಟರಿಯ ಒಳಗೆ ಇತ್ತು. ಅಲಿಯಾಸ್ ಅನ್ನುವ ಒಂದು ಸಾಲಿನಿಂದ ಅದಕ್ಕೆ /ಟಿಪ್ಪಣಿ/ ಅನ್ನುವ ವಿಳಾಸ ಕೊಟ್ಟೆ. ಅಪಾಚೆ ರೀಲೋಡ್ ಮಾಡಿ ಅಕ್ಕನಿಗೆ ಹೇಳಿದೆ, ಫೋನಿನಲ್ಲಿ ತೆರೆದು ನೋಡು ಅಂತ.

"ಏನೋ 403 ಅಂತ ಬರ್ತಿದೆ ಕಣೋ, ಒಳಗೆ ಬಿಡ್ತಾ ಇಲ್ಲ" ಅಂದಳು.

403 ಅಂದರೆ ಸರ್ವರಿಗೆ ನಿಮ್ಮ ಮಾತು ಅರ್ಥವಾಗಿದೆ, ಆದರೆ ಕೊಡುವುದಿಲ್ಲ ಅನ್ನುತ್ತಿದೆ ಅಂತ. ಯಾಕೆ ಕೊಡುವುದಿಲ್ಲ ಅನ್ನುವುದನ್ನು ಬ್ರೌಸರಿಗೆ ಹೇಳುವುದಿಲ್ಲ, ಎರರ್ ಲಾಗಿನಲ್ಲಿ ಬರೆದಿಡುತ್ತದೆ. ಇದು ತುಂಬಾ ಮುಖ್ಯ. ಯಾಕೆಂದರೆ ನನಗೆ ಒಂದರ ಹಿಂದೆ ಒಂದು ಮೂರು 403 ಬಂದವು. ಮೂರೂ ಪರದೆಯ ಮೇಲೆ ಒಂದೇ ಥರ ಕಂಡವು. ಮೂರಕ್ಕೂ ಕಾರಣ ಬೇರೆ ಬೇರೆ.

ಮೊದಲನೆಯದಕ್ಕೆ ಲಾಗಿನಲ್ಲಿ ಎಎಚ್00035 ಅನ್ನುವ ಸಂಖ್ಯೆ ಇತ್ತು. ದಾರಿಯಲ್ಲಿರುವ ಯಾವುದೋ ಒಂದು ಫೋಲ್ಡರನ್ನು ದಾಟಲು ಅನುಮತಿ ಇಲ್ಲ ಅಂತ ಅದರ ಅರ್ಥ. ಅಪಾಚೆ ನನ್ನ ಹೆಸರಿನಲ್ಲಿ ಓಡುವುದಿಲ್ಲ. ಡೆಬಿಯನ್‌ನಲ್ಲಿ ಡಬ್ಲ್ಯೂಡಬ್ಲ್ಯೂಡಬ್ಲ್ಯೂ-ಡೇಟಾ ಅನ್ನುವ ಬಳಕೆದಾರನ ಹೆಸರಿನಲ್ಲಿ ಓಡುತ್ತದೆ. ಆ ಬಳಕೆದಾರ ಫೈಲಿನವರೆಗೆ ಹೋಗಬೇಕಾದರೆ ಮೇಲಿನಿಂದ ಕೆಳಗಿನವರೆಗೆ ಪ್ರತಿಯೊಂದು ಫೋಲ್ಡರನ್ನೂ ದಾಟಬೇಕು. ಫೋಲ್ಡರಿನ ಮೇಲೆ ಎಕ್ಸ್ ಅನುಮತಿ ಇದ್ದರೆ ದಾಟಬಹುದು. ಆರ್ ಇದ್ದರೆ ಒಳಗಿರುವ ಹೆಸರುಗಳನ್ನು ಓದಬಹುದು. ಪಟ್ಟಿ ತೋರಿಸಲು ಎರಡೂ ಬೇಕು. ನಮ್ಮ ಯಂತ್ರದಲ್ಲಿ ಹೋಮ್ ಡೈರೆಕ್ಟರಿಯ ಅನುಮತಿ ಸಂಖ್ಯೆ 750 ಇತ್ತು, ಹೊರಗಿನವರಿಗೆ ಏನೂ ಇಲ್ಲ. ಉಬುಂಟುವಿನಲ್ಲೂ 21.04ರಿಂದ ಹೊಸ ಹೋಮ್ ಡೈರೆಕ್ಟರಿಗಳು 750 ಆಗಿಯೇ ಹುಟ್ಟುತ್ತವೆ. ಅದಕ್ಕೇ ಹಳೇ ಪಾಠ ನೋಡಿ ಮಾಡಿದವರಿಗೆ ಇದು ದಿಢೀರನೆ ಎದುರಾಗುತ್ತದೆ.

ಇಂಥ ಕಡೆ ನೇಮ್‌ಐ ಅನ್ನುವ ಕಮಾಂಡ್ ಬಲು ಉಪಕಾರಿ. -ಎಲ್ ಆಯ್ಕೆ ಕೊಟ್ಟು ಪೂರ್ತಿ ದಾರಿ ಬರೆದರೆ, ಮೇಲಿನಿಂದ ಕೆಳಗಿನವರೆಗೆ ಒಂದೊಂದು ಮೆಟ್ಟಿಲಿನ ಅನುಮತಿಯನ್ನೂ ಒಂದೊಂದು ಸಾಲಿನಲ್ಲಿ ತೋರಿಸುತ್ತದೆ. ಎಲ್ಲಿ ಬಾಗಿಲು ಮುಚ್ಚಿದೆ ಅಂತ ಒಂದೇ ನೋಟಕ್ಕೆ ಗೊತ್ತಾಗುತ್ತದೆ.

ಪರಿಹಾರ ಎರಡಿತ್ತು. ಹೋಮ್ ಡೈರೆಕ್ಟರಿಯನ್ನು ಸಡಿಲ ಮಾಡುವುದು ಒಂದು. ಫೋಲ್ಡರನ್ನೇ ಅಲ್ಲಿಂದ ಎತ್ತುವುದು ಇನ್ನೊಂದು. ಎರಡನೆಯದನ್ನೇ ಮಾಡಿದೆ. /ಎಸ್‌ಆರ್‌ವಿ/ಟಿಪ್ಪಣಿ ಅಂತ ಹೊಸ ಜಾಗ ಮಾಡಿ ಎಲ್ಲವನ್ನೂ ಅಲ್ಲಿಗೆ ಸಾಗಿಸಿದೆ. ಸ್ಕ್ಯಾನರ್ ಬರೆದ ಫೈಲುಗಳು 600 ಇದ್ದವು, ಅಂದರೆ ನನಗೆ ಮಾತ್ರ. ಸಿಎಚ್‌ಮಾಡ್ ಕಮಾಂಡಿಗೆ ಗೋ=ಆರ್‌ಎಕ್ಸ್ ಅಂತ ಕೊಟ್ಟೆ, ಅದರಲ್ಲಿ ಎಕ್ಸ್ ಮಾತ್ರ ದೊಡ್ಡ ಅಕ್ಷರ. ದೊಡ್ಡ ಎಕ್ಸ್ ಕೊಟ್ಟರೆ ಫೋಲ್ಡರುಗಳಿಗೆ ದಾಟುವ ಅನುಮತಿ ಸಿಗುತ್ತದೆ, ಸಾದಾ ಫೈಲುಗಳಿಗೆ ಸುಮ್ನೆ ಓಡಿಸುವ ಅನುಮತಿ ಅಂಟಿಕೊಳ್ಳುವುದಿಲ್ಲ. ಏನೂ ತಿಳಿಯದೆ 777 ಹೊಡೆಯುವುದನ್ನು ದಯವಿಟ್ಟು ಮಾಡಬೇಡಿ. ಅದು ಯಂತ್ರದ ಮೇಲಿರುವ ಎಲ್ಲರಿಗೂ ಆ ಫೋಲ್ಡರಿನಲ್ಲಿ ಬರೆಯುವ ಹಕ್ಕು ಕೊಡುತ್ತದೆ. ಇಲ್ಲಿ ಸರ್ವರಿಗೆ ಬೇಕಾದದ್ದು ಓದುವ ಹಕ್ಕು ಮಾತ್ರ.

ಫೆಡೋರಾ ಬಳಗದ ಲಿನಕ್ಸ್ ಇದ್ದವರಿಗೆ ಇನ್ನೊಂದು ಗೋಡೆ ಇದೆ, ಫೈಲುಗಳಿಗೆ ಲೇಬಲ್ ಅಂಟಿಸಿ ಕಾವಲು ಕಾಯುವ ಎಸ್‌ಇಲಿನಕ್ಸ್. ಹೋಮಿನಿಂದ ಎಂವಿ ಕಮಾಂಡಿನಲ್ಲಿ ಸಾಗಿಸಿದ ಫೈಲುಗಳು ತಮ್ಮ ಹಳೇ ಲೇಬಲನ್ನು ಹೊತ್ತುಕೊಂಡೇ ಬರುತ್ತವೆ. ಅನುಮತಿ ಎಲ್ಲ ಸರಿ ಇದ್ದರೂ ಸರ್ವರ್ ಓದಲಾರದು. ಹೊಸ ಜಾಗಕ್ಕೆ ಎಚ್‌ಟಿಟಿಪಿಡಿ ಓದಬಹುದಾದ ಲೇಬಲ್ ನಿಗದಿ ಮಾಡಿ, ರಿಸ್ಟೋರ್‌ಕಾನ್ ಓಡಿಸಬೇಕು.

ಮತ್ತೆ ತೆರೆದೆ. ಮತ್ತೆ 403. ಈ ಸಲ ಲಾಗಿನಲ್ಲಿ ಎಎಚ್01630, ಸರ್ವರಿನ ಕಾನ್ಫಿಗರೇಶನ್ನೇ ತಡೆದಿದೆ ಅಂತ. ಡೆಬಿಯನ್‌ನ ಮುಖ್ಯ ಕಾನ್ಫಿಗ್ ಫೈಲಿನಲ್ಲಿ ಬೇರು ಡೈರೆಕ್ಟರಿಗೆ, ಅಂದರೆ ಇಡೀ ಡಿಸ್ಕಿಗೆ, ರಿಕ್ವೈರ್ ಆಲ್ ಡಿನೈಡ್ ಅಂತ ಬರೆದಿದೆ. ಆಮೇಲೆ /ವಾರ್/ಡಬ್ಲ್ಯೂಡಬ್ಲ್ಯೂಡಬ್ಲ್ಯೂ ಮುಂತಾದ ಕೆಲವೇ ಜಾಗಗಳಿಗೆ ಬಾಗಿಲು ತೆರೆದಿದ್ದಾರೆ. /ಎಸ್‌ಆರ್‌ವಿ ಅದರಲ್ಲಿಲ್ಲ. ಅಲ್ಲಿರುವ ಉದಾಹರಣೆಯ ಮುಂದೆ # ಹಾಕಿ, ಸರ್ವರ್ ಲೆಕ್ಕಕ್ಕೆ ತೆಗೆದುಕೊಳ್ಳದಂತೆ ಬಿಟ್ಟಿದ್ದಾರೆ. ನನಗೆ ಈ ಕ್ರಮ ಇಷ್ಟ. ಎಲ್ಲವನ್ನೂ ಮುಚ್ಚಿ, ಬೇಕಾದದ್ದನ್ನು ಮಾತ್ರ ತೆರೆಯಬೇಕು. /ಎಸ್‌ಆರ್‌ವಿ/ಟಿಪ್ಪಣಿಗೆ ಮಾತ್ರ ಒಂದು ಡೈರೆಕ್ಟರಿ ಬ್ಲಾಕ್ ಬರೆದು, ಒಳಗೆ ರಿಕ್ವೈರ್ ಆಲ್ ಗ್ರಾಂಟೆಡ್ ಅಂತ ಹಾಕಿದೆ.

ಮೂರನೇ 403. ಲಾಗಿನಲ್ಲಿ ಎಎಚ್01276. ಇದೇ ನಾನು ಮೊದಲಿನಿಂದ ಕಾಯುತ್ತಿದ್ದ ಸಂದೇಶ. ಇಂಡೆಕ್ಸ್ ಪುಟ ಸಿಗಲಿಲ್ಲ, ಪಟ್ಟಿ ತಯಾರಿಸಲು ಆಪ್ಷನ್ಸ್ ಬಿಡುತ್ತಿಲ್ಲ ಅಂತ ಅದು ಹೇಳುತ್ತದೆ. ಹಾಗೆ ನೋಡಿದರೆ ಇದು ಒಳ್ಳೇ ಸುದ್ದಿ. ದಾರಿ ಸರಿಯಿದೆ, ಬಾಗಿಲು ತೆರೆದಿದೆ, ಇನ್ನು ಪಟ್ಟಿಗೆ ಒಪ್ಪಿಗೆ ಕೊಡುವುದೊಂದೇ ಬಾಕಿ.

ಆ ಒಂದು ಸಾಲು

ಅಪಾಚೆ ಒಳಗೆ ಇದು ನಡೆಯುವ ಕ್ರಮ ಹೀಗಿದೆ. ವಿಳಾಸ / ಚಿಹ್ನೆಯಿಂದ ಮುಗಿದಾಗ ಮೊದಲು ಮಾಡ್ ಡಿಐಆರ್ ಅನ್ನುವ ಮಾಡ್ಯೂಲ್ ಬಂದು, ಡೈರೆಕ್ಟರಿಇಂಡೆಕ್ಸ್ ಸಾಲಿನಲ್ಲಿ ಹೇಳಿರುವ ಫೈಲ್ ಇದೆಯಾ ಅಂತ ನೋಡುತ್ತದೆ. ಸಾಮಾನ್ಯವಾಗಿ ಅದು ಇಂಡೆಕ್ಸ್.ಎಚ್‌ಟಿಎಂಎಲ್. ಇದ್ದರೆ ಅದನ್ನೇ ಕೊಡುತ್ತದೆ. ಇಲ್ಲದಿದ್ದರೆ ಮಾಡ್ ಆಟೋಇಂಡೆಕ್ಸ್ ಸರದಿ. ಆ ಫೋಲ್ಡರಿಗೆ ಇಂಡೆಕ್ಸಸ್ ಆಯ್ಕೆ ಇದ್ದರೆ ಪಟ್ಟಿ ತಯಾರಿಸುತ್ತದೆ, ಇಲ್ಲದಿದ್ದರೆ 403.

ಬ್ಲಾಕಿನ ಒಳಗೆ ನಾನು ಆಪ್ಷನ್ಸ್ +ಇಂಡೆಕ್ಸಸ್ ಫಾಲೋಸಿಮ್‌ಲಿಂಕ್ಸ್ ಅಂತ ಬರೆದೆ. ಬರೆದದ್ದು ಸರಿಯಿದೆಯಾ ಅಂತ ನೋಡುವ ಕಾನ್ಫಿಗ್‌ಟೆಸ್ಟ್ ಓಡಿಸಿದಾಗ ತಕರಾರು ಬಂತು. ಅಪಾಚೆ 2.4ರಲ್ಲಿ ಒಂದೇ ಸಾಲಿನ ಎಲ್ಲ ಆಯ್ಕೆಗಳ ಮುಂದೂ + ಅಥವಾ - ಇರಬೇಕು, ಇಲ್ಲವೇ ಯಾವುದರ ಮುಂದೂ ಇರಬಾರದು. ಬೆರೆಸುವ ಹಾಗಿಲ್ಲ. ಚಿಹ್ನೆ ಇಲ್ಲದೆ ಬರೆದರೆ ಮೇಲಿನಿಂದ ಬಂದದ್ದನ್ನೆಲ್ಲ ಅಳಿಸಿ ಹೊಸದಾಗಿ ಶುರುಮಾಡು ಅಂತ. ಚಿಹ್ನೆ ಇಟ್ಟರೆ ಮೇಲಿನಿಂದ ಬಂದದ್ದಕ್ಕೆ ಸೇರಿಸು ಅಥವಾ ಕಳೆ ಅಂತ. ನಾನು ಬರೀ +ಇಂಡೆಕ್ಸಸ್ ಇಟ್ಟುಕೊಂಡೆ. ಸಿಂಟ್ಯಾಕ್ಸ್ ಓಕೆ ಅಂತ ಬಂತು. ರೀಲೋಡ್ ಮಾಡಿದೆ.

212 ಫೋಲ್ಡರಿನ ಹೆಸರು ಸಾಲಾಗಿ ಬಂದು ನಿಂತವು. ಹದಿನೈದು ವರ್ಷದ ಕೆಲಸ ಒಂದೇ ಪುಟದಲ್ಲಿ ನೋಡಿ ನನಗೂ ಅಕ್ಕನಿಗೂ ಸ್ವಲ್ಪ ಹೊತ್ತು ಮಾತೇ ಹೊರಡಲಿಲ್ಲ.

ಫೋಲ್ಡರಿನೊಳಗೇ ಇಡುವ .ಎಚ್‌ಟಿಆಕ್ಸೆಸ್ ಅನ್ನುವ ಸೆಟ್ಟಿಂಗ್ ಫೈಲಿನಲ್ಲಿ ಇದೇ ಸಾಲು ಬರೆದರೆ ಸಾಕು ಅಂತ ತುಂಬಾ ಕಡೆ ಬರೆದಿರುತ್ತಾರೆ. ಬರೆದೂ ಏನೂ ಆಗದೆ ತಲೆಕೆಡಿಸಿಕೊಂಡವರಿದ್ದಾರೆ. ಈಗಿನ ಅಪಾಚೆಯಲ್ಲಿ ಅಲೋಓವರ್‌ರೈಡ್ ಮೊದಲಿನಿಂದಲೇ ನನ್ ಆಗಿರುತ್ತದೆ. ಅಂದರೆ ಆ ಫೈಲನ್ನು ಸರ್ವರ್ ಓದುವುದೇ ಇಲ್ಲ. ಇನ್ನೊಂದು ಗೊಂದಲವೂ ಇದೆ. ಅಲೋಓವರ್‌ರೈಡ್ ಇಂಡೆಕ್ಸಸ್ ಅಂತ ಕೊಟ್ಟರೆ ಪಟ್ಟಿ ತೆರೆಯುವ ಹಕ್ಕು ಸಿಗುತ್ತದೆ ಅಂದುಕೊಳ್ಳುತ್ತೇವೆ. ಅದು ಸಿಗುವುದು ಪಟ್ಟಿಯ ಅಂದ ಬದಲಿಸುವ ಆದೇಶಗಳಿಗೆ. ಆಪ್ಷನ್ಸ್ ಸಾಲು ನಡೆಯಬೇಕಾದರೆ ಅಲೋಓವರ್‌ರೈಡ್ ಆಪ್ಷನ್ಸ್=ಇಂಡೆಕ್ಸಸ್ ಅಂತ ಕೊಡಬೇಕು. ಸರ್ವರ್ ನಿಮ್ಮ ಕೈಯಲ್ಲೇ ಇದ್ದರೆ .ಎಚ್‌ಟಿಆಕ್ಸೆಸ್ ಸಹವಾಸವೇ ಬೇಡ. ಡೈರೆಕ್ಟರಿ ಬ್ಲಾಕಿನಲ್ಲಿ ಬರೆದರೆ ಎಲ್ಲವೂ ಒಂದೇ ಕಡೆ ಕಣ್ಣಿಗೆ ಬೀಳುತ್ತದೆ.

ಒಂದು ಫೋಲ್ಡರ್ ಮಾತ್ರ ಪಟ್ಟಿ ತೋರಿಸಲಿಲ್ಲ. ಯಾವುದೋ ಕಾಲದಲ್ಲಿ ಉಳಿಸಿಟ್ಟಿದ್ದ ಒಂದು ವೆಬ್ ಪುಟ ತೆರೆದುಕೊಂಡಿತು. ಅದರ ಹೆಸರು ಇಂಡೆಕ್ಸ್.ಎಚ್‌ಟಿಎಂಎಲ್. ಮೇಲೆ ಹೇಳಿದ ಕ್ರಮದ ಪ್ರಕಾರ ಅದಕ್ಕೇ ಮೊದಲ ಮಣೆ. ಹೆಸರು ಬದಲಿಸಿದೆ, ಸರಿಹೋಯಿತು. ಡೈರೆಕ್ಟರಿಇಂಡೆಕ್ಸ್ ಡಿಸೇಬಲ್ಡ್ ಅಂತ ಬರೆದರೂ ಆಗುತ್ತದೆ.

ಪಟ್ಟಿಗೆ ಬಟ್ಟೆ ತೊಡಿಸಿದ್ದು

ಡೆಬಿಯನ್ ಮೊದಲೇ ಕೊಡುವ ಅಲಂಕಾರ ಚೆನ್ನಾಗಿಯೇ ಇದೆ. ಕಾಲಂ, ಚಿತ್ರ, ಗಾತ್ರ, ದಿನಾಂಕ ಎಲ್ಲ ಬರುತ್ತದೆ. ಫೋಲ್ಡರುಗಳು ಮೇಲೆ, ಫೈಲುಗಳು ಕೆಳಗೆ ಬರಲಿ ಅಂತ ಇಂಡೆಕ್ಸ್‌ಆಪ್ಷನ್ಸ್ ಫ್ಯಾನ್ಸಿಇಂಡೆಕ್ಸಿಂಗ್ ಫೋಲ್ಡರ್ಸ್‌ಫಸ್ಟ್ ಅಂತ ಸೇರಿಸಿದೆ. ಫೋಲ್ಡರುಗಳೇನೋ ಮೇಲೆ ಬಂದವು. ಆದರೆ ಪುಟ-10 ಹೋಗಿ ಪುಟ-2ಕ್ಕಿಂತ ಮೊದಲು ಕೂತುಬಿಟ್ಟಿತು. ಕಾಲಂಗಳೂ ಟೇಬಲ್ ಅಲ್ಲದೆ ಹಳೇ ಥರದ ಬರೀ ಅಕ್ಷರದ ಸಾಲಾದವು.

ಕಾರಣ ಇಲ್ಲೂ + ಚಿಹ್ನೆಯೇ. ಚಿಹ್ನೆ ಇಲ್ಲದೆ ಬರೆದದ್ದರಿಂದ ಮೇಲಿನಿಂದ ಬಂದಿದ್ದ ವರ್ಷನ್‌ಸಾರ್ಟ್, ಎಚ್‌ಟಿಎಂಎಲ್‌ಟೇಬಲ್ ಎರಡೂ ಅಳಿಸಿಹೋಗಿದ್ದವು. ವರ್ಷನ್‌ಸಾರ್ಟ್ ಇದ್ದರೆ ಹೆಸರಿನೊಳಗಿನ ಅಂಕಿಗಳನ್ನು ಸಂಖ್ಯೆಗಳಾಗಿಯೇ ಎಣಿಸುತ್ತದೆ, 2 ಆದಮೇಲೆ 10 ಬರುತ್ತದೆ. ಸ್ಕ್ಯಾನ್ ಪುಟಗಳಿಗೆ ಇದು ಬೇಕೇ ಬೇಕು. +ಫೋಲ್ಡರ್ಸ್‌ಫಸ್ಟ್ ಅಂತ ಮಾತ್ರ ಬರೆದೆ, ಎಲ್ಲ ವಾಪಸ್ ಬಂತು. ನಿಮ್ಮ ಪಟ್ಟಿಯಲ್ಲಿ ಉದ್ದ ಹೆಸರುಗಳು ಮಧ್ಯಕ್ಕೇ ಕತ್ತರಿಸಿ ಕಾಣುತ್ತಿದ್ದರೆ ನೇಮ್‌ವಿಡ್ತ್ ನೋಡಿ. ಏನೂ ಹೇಳದಿದ್ದರೆ ಅದು 23 ಅಕ್ಷರದಷ್ಟೇ ಜಾಗ ಕೊಡುತ್ತದೆ. * ಕೊಟ್ಟರೆ ಅತಿ ಉದ್ದದ ಹೆಸರಿಗೆ ತಕ್ಕಂತೆ ಅಗಲವಾಗುತ್ತದೆ.

ಫೋನಿನಲ್ಲಿ ಅಕ್ಷರ ಇರುವೆಯಷ್ಟು ಸಣ್ಣಗೆ ಕಾಣುತ್ತದೆ ಅಂತ ಅಕ್ಕ ಹೇಳಿದಳು. ಸರ್ವರ್ ತಯಾರಿಸುವ ಪುಟದಲ್ಲಿ, ಪುಟವನ್ನು ಫೋನಿನ ಅಗಲಕ್ಕೆ ಹೊಂದಿಸುವ ವ್ಯೂಪೋರ್ಟ್ ಸಾಲು ಇರುವುದಿಲ್ಲ. ಇಂಡೆಕ್ಸ್‌ಹೆಡ್‌ಇನ್ಸರ್ಟ್ ಅನ್ನುವ ಆದೇಶದಿಂದ ಅದನ್ನು ಪುಟದ ತಲೆಯಲ್ಲಿ ಸೇರಿಸಬಹುದು. ಒಂದು ಸ್ಟೈಲ್‌ಶೀಟನ್ನೂ ಇಂಡೆಕ್ಸ್‌ಸ್ಟೈಲ್‌ಶೀಟ್ ಮೂಲಕ ಕೊಟ್ಟು ಸಾಲುಗಳ ನಡುವೆ ಬೆರಳು ಹಿಡಿಯುವಷ್ಟು ಜಾಗ ಮಾಡಿದೆ. ಪ್ರತಿ ಫೋಲ್ಡರಿನಲ್ಲೂ ಹೆಡರ್.ಎಚ್‌ಟಿಎಂಎಲ್ ಅನ್ನುವ ಸಣ್ಣ ಫೈಲ್ ಇಟ್ಟರೆ ಅದು ಪಟ್ಟಿಯ ಮೇಲೆ ಬರುತ್ತದೆ, ರೀಡ್‌ಮಿ.ಎಚ್‌ಟಿಎಂಎಲ್ ಕೆಳಗೆ ಬರುತ್ತದೆ. ಡೆಬಿಯನ್‌ನಲ್ಲಿ ಈ ಎರಡೂ ಹೆಸರಿನ ಮೂಲಭಾಗ ಪೂರ್ತಿ ದೊಡ್ಡಕ್ಷರದಲ್ಲಿರಬೇಕು. ಅಕ್ಕ ಒಂದೊಂದು ಸೆಟ್ಟಿನ ಬಗ್ಗೆ ಎರಡೆರಡು ಸಾಲು ಬರೆದುಕೊಟ್ಟಳು. ಹೈ ವೋಲ್ಟೇಜ್ ಇರುವ ವಾಲ್ವ್ ಸೆಟ್ಟುಗಳ ಫೋಲ್ಡರಿನಲ್ಲಿ, ಸ್ವಿಚ್ ಆಫ್ ಮಾಡಿದ ಮೇಲೂ ಫಿಲ್ಟರ್ ಕೆಪಾಸಿಟರಿನಲ್ಲಿ ಚಾರ್ಜ್ ಉಳಿದಿರುತ್ತದೆ ಅನ್ನುವ ಎಚ್ಚರಿಕೆ ಎಲ್ಲಕ್ಕಿಂತ ಮೇಲೆ ಬರುತ್ತದೆ. ಈ ಒಂದಕ್ಕೇ ಆದರೂ ಹೆಡರ್ ಫೈಲ್ ಇರಬೇಕು.

ಜಾಸ್ತಿ ಜನಕ್ಕೆ ಗೊತ್ತಿಲ್ಲದ ಒಂದು ಸೌಲಭ್ಯ ಇಲ್ಲಿದೆ. ಕಾಲಂ ಹೆಸರು ಒತ್ತಿದರೆ ವಿಳಾಸದ ಕೊನೆಗೆ ಪ್ರಶ್ನೆ ಚಿಹ್ನೆ, ಸಿ ಮತ್ತು ಓ ಅನ್ನುವ ಎರಡು ಅಕ್ಷರ ಸೇರುತ್ತವೆ. ಯಾವ ಕಾಲಂ, ಏರಿಕೆಯೋ ಇಳಿಕೆಯೋ ಅಂತ. ಅದೇ ಜಾಗದಲ್ಲಿ ಪಿ=*.ಪಿಡಿಎಫ್ ಅಂತ ನೀವೇ ಬರೆದರೆ, ಪಟ್ಟಿಯಲ್ಲಿ ಪಿಡಿಎಫ್ ಮಾತ್ರ ಉಳಿಯುತ್ತದೆ. ಪುಟ್ಟ ಹುಡುಕಾಟ ಪುಕ್ಕಟೆ ಸಿಕ್ಕಂತೆ. ಇದನ್ನು ರೀಡ್‌ಮಿಯಲ್ಲಿ ಬರೆದಿಟ್ಟಿದ್ದೇನೆ.

ನಾವು ಟಿಪ್ಪಣಿಗಳನ್ನು ಕನ್ನಡದಲ್ಲೇ ಟೈಪ್ ಮಾಡಿದ್ದ ಟೆಕ್ಸ್ಟ್ ಫೈಲುಗಳು ಕೆಲವು ಬ್ರೌಸರಿನಲ್ಲಿ ಗೋಜಲು ಅಕ್ಷರವಾಗಿ ಬಂದವು. ಫೈಲ್ ಯುಟಿಎಫ್-8ರಲ್ಲೇ, ಅಂದರೆ ಕನ್ನಡವೂ ಹಿಡಿಸುವ ಅಕ್ಷರ ಸಂಕೇತದಲ್ಲೇ ಇತ್ತು. ಸರ್ವರ್ ಅದನ್ನು ಹೇಳುತ್ತಿರಲಿಲ್ಲ ಅಷ್ಟೇ. ಆಡ್‌ಡಿಫಾಲ್ಟ್‌ಚಾರ್‌ಸೆಟ್ ಯುಟಿಎಫ್-8 ಅಂತ ಒಂದು ಸಾಲು ಹಾಕಿದ ಮೇಲೆ ಅಕ್ಷರ ಸರಿಯಾಗಿ ಮೂಡಿತು. ಫೈಲಿನ ಹೆಸರು ಕನ್ನಡದಲ್ಲಿಟ್ಟರೂ ಪಟ್ಟಿ ಚೆನ್ನಾಗಿಯೇ ಬರುತ್ತದೆ. ಒಂದೇ ಮಿತಿ ಇದೆ. ಇಎಕ್ಸ್‌ಟಿ4 ಡಿಸ್ಕಿನಲ್ಲಿ ಒಂದು ಹೆಸರಿಗೆ 255 ಬೈಟ್ ಮಾತ್ರ. ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟ್. ಒತ್ತು, ಗುಣಿತ ಎಲ್ಲ ಬೇರೆ ಬೇರೆ ಎಣಿಕೆ. ಕ್ಷ ಒಂದಕ್ಕೇ 9 ಬೈಟ್ ಹೋಗುತ್ತದೆ. ಲಿಂಕ್ ಕಾಪಿ ಮಾಡಿದರೆ ಒಂದೊಂದು ಬೈಟೂ % ಚಿಹ್ನೆ ಸೇರಿ ಮೂರು ಅಕ್ಷರವಾಗುತ್ತದೆ. ಹಾಗಾಗಿ ಹೆಸರು ಚಿಕ್ಕದಾಗಿಟ್ಟು, ವಿವರವನ್ನು ಹೆಡರಿನಲ್ಲಿ ಬರೆದೆವು.

ಮರೆಮಾಡುವುದು ಬೇರೆ, ಬೀಗ ಹಾಕುವುದು ಬೇರೆ

ಇಂಡೆಕ್ಸ್‌ಇಗ್ನೋರ್ ಅನ್ನುವ ಆದೇಶ ಇದೆ. ಅದರಲ್ಲಿ ಹೇಳಿದ ಹೆಸರುಗಳು ಪಟ್ಟಿಯಲ್ಲಿ ಬರುವುದಿಲ್ಲ. ಚುಕ್ಕೆ ಫೈಲುಗಳು, ~ ಬಾಲದ ಫೈಲುಗಳು ಡೆಬಿಯನ್‌ನಲ್ಲಿ ಮೊದಲೇ ಅದರಲ್ಲಿವೆ. ನೋಡುವುದಕ್ಕೆ ಎಲ್ಲ ಶುದ್ಧವಾಗಿ ಕಂಡಿತು.

ಪರೀಕ್ಷೆಗೆಂದು ಒಂದು ಸುಳ್ಳು ಫೈಲ್ ಮಾಡಿ, ಬಾಲಕ್ಕೆ ~ ಹಾಕಿ ಒಳಗಿಟ್ಟೆ. ಪಟ್ಟಿಯಲ್ಲಿ ಬರಲಿಲ್ಲ. ವಿಳಾಸದಲ್ಲಿ ಅದರ ಪೂರ್ತಿ ಹೆಸರು ಟೈಪ್ ಮಾಡಿದೆ. ನೇರವಾಗಿ ಇಳಿದು ಬಂತು. ಇಂಡೆಕ್ಸ್‌ಇಗ್ನೋರ್ ಪಟ್ಟಿಯಿಂದ ಹೆಸರು ಅಳಿಸುತ್ತದೆ ಅಷ್ಟೇ, ಫೈಲಿಗೆ ಬೀಗ ಹಾಕುವುದಿಲ್ಲ. ಬೀಗ ಬೇಕಾದರೆ ಫೈಲ್ಸ್‌ಮ್ಯಾಚ್ ಬ್ಲಾಕಿನಲ್ಲಿ ಆ ಥರದ ಹೆಸರುಗಳಿಗೆ ರಿಕ್ವೈರ್ ಆಲ್ ಡಿನೈಡ್ ಅಂತ ಬರೆಯಬೇಕು. .ಗಿಟ್ ಥರದ ಫೋಲ್ಡರಿಗೆ ಡೈರೆಕ್ಟರಿಮ್ಯಾಚ್ ಬೇಕು. ನಾನು ಅದನ್ನು ಅಳಿಸಿಯೇ ಹಾಕಿದ್ದೆ, ಆದರೂ ಮುಂದೆ ಮರೆತು ಬಂದರೆ ಇರಲಿ ಅಂತ ಈ ಸಾಲೂ ಸೇರಿಸಿದೆ.

ಹೀಗೆ ಬೀಗ ಹಾಕಿದ ಮೇಲೆ ಒಂದು ಚಂದದ ಸಂಗತಿ ಗೊತ್ತಾಯಿತು. ಅಪಾಚೆ ಪಟ್ಟಿ ಮಾಡುವಾಗ ಪ್ರತಿ ಹೆಸರನ್ನೂ ಒಳಗೊಳಗೇ ಕೇಳಿ ನೋಡುತ್ತದೆ, ಇದನ್ನು ಈ ಮನುಷ್ಯನಿಗೆ ಕೊಡಬಹುದಾ ಅಂತ. ಕೊಡುವಂತಿಲ್ಲ ಅಂತ ಉತ್ತರ ಬಂದರೆ ಅದನ್ನು ಪಟ್ಟಿಯಿಂದಲೇ ಬಿಡುತ್ತದೆ. ಅಂದರೆ ಬೀಗ ಹಾಕಿದರೆ ಮರೆಯೂ ತಾನಾಗಿಯೇ ಆಗುತ್ತದೆ.

ಇದೇ ಕಾರಣಕ್ಕೆ ಒಂದು ಅರ್ಧ ಗಂಟೆ ಗಾಬರಿಯೂ ಆಯಿತು. ಇನ್ನೂ ಪರಿಶೀಲಿಸದ ಪುಟಗಳಿರುವ ಕರಡು ಅನ್ನುವ ಫೋಲ್ಡರಿಗೆ ಪಾಸ್‌ವರ್ಡ್ ಇಟ್ಟೆ. ಪಟ್ಟಿಯಿಂದ ಆ ಫೋಲ್ಡರ್ ಮಾಯ. ಡಿಸ್ಕಿನಲ್ಲಿ ನೋಡಿದರೆ ಇದೆ. ಪಾಸ್‌ವರ್ಡ್ ಕೇಳುವುದೂ ಕೊಡುವಂತಿಲ್ಲ ಅನ್ನುವ ಲೆಕ್ಕಕ್ಕೇ ಬರುತ್ತದೆ. +ಶೋಫರ್ಬಿಡನ್ ಅಂತ ಸೇರಿಸಿದರೆ ಕಾಣುತ್ತದೆ, ಆದರೆ ಬೀಗ ಹಾಕಿದ ಬೇರೆ ಫೈಲುಗಳ ಹೆಸರೂ ಜೊತೆಗೇ ಹೊರಬರುತ್ತವೆ. ನಾನು ಸೇರಿಸಲಿಲ್ಲ. ಕರಡು ನೋಡಬೇಕಾದವಳು ಅಕ್ಕ ಒಬ್ಬಳೇ, ಅವಳಿಗೆ ನೇರ ಲಿಂಕ್ ಕೊಟ್ಟೆ. ಈ ಪಾಸ್‌ವರ್ಡ್ ಎಚ್‌ಟಿಟಿಪಿಎಸ್ ಇಲ್ಲದೆ ಹೋದರೆ ದಾರಿಯಲ್ಲಿ ಯಾರು ಬೇಕಾದರೂ ಓದಬಹುದಾದ ರೂಪದಲ್ಲೇ ಹೋಗುತ್ತದೆ. ಅದಕ್ಕೆ ಮೊದಲು ಸರ್ಟಿಫಿಕೇಟ್ ಹಾಕಿ, ಆಮೇಲೆ ಪಾಸ್‌ವರ್ಡ್ ಇಡಿ.

ಎರಡನೇ ಯಂತ್ರ, ಎಂಜಿನ್‌ಎಕ್ಸ್

ಒಂದೇ ಡಿಸ್ಕ್ ನಂಬುವ ಹಾಗಿಲ್ಲ. ಇದೇ ಫೋಲ್ಡರಿನ ಇನ್ನೊಂದು ಪ್ರತಿಯನ್ನು, ಅಪಾಚೆಯಂಥದೇ ಇನ್ನೊಂದು ವೆಬ್ ಸರ್ವರಾದ ಎಂಜಿನ್‌ಎಕ್ಸ್ ಇರುವ ಯಂತ್ರದಲ್ಲಿ ಇಟ್ಟೆ. ಅಲ್ಲಿ ಕೆಲಸ ಚಿಕ್ಕದು. ಲೊಕೇಶನ್ ಬ್ಲಾಕಿನಲ್ಲಿ ಅಲಿಯಾಸ್ ಕೊಟ್ಟು, ಆಟೋಇಂಡೆಕ್ಸ್ ಆನ್ ಅಂದರೆ ಪಟ್ಟಿ ಬಂತು. ಗಾತ್ರ ಬೈಟಿನಲ್ಲಿ ಬರುತ್ತಿತ್ತು, ಎಕ್ಸಾಕ್ಟ್ ಸೈಜ್ ಆಫ್ ಮಾಡಿದೆ. ಸಮಯ ಯುಟಿಸಿಯಲ್ಲಿತ್ತು, ಲೋಕಲ್‌ಟೈಮ್ ಆನ್ ಮಾಡಿದೆ. ಚಾರ್‌ಸೆಟ್ ಯುಟಿಎಫ್-8 ಅಂತಲೂ ಬರೆದೆ. ಎಂಜಿನ್‌ಎಕ್ಸ್ ಪಟ್ಟಿಯಲ್ಲಿ ಹೆಸರಿಗೆ 50 ಅಕ್ಷರದಷ್ಟೇ ಜಾಗ. ಚಾರ್‌ಸೆಟ್ ಹೇಳದಿದ್ದರೆ ಅದು ಬೈಟ್ ಎಣಿಸುತ್ತದೆ, ಕನ್ನಡ ಹೆಸರು ಹದಿನಾರು ಹದಿನೇಳು ಸಂಕೇತಕ್ಕೇ ತುಂಡಾಗುತ್ತದೆ.

ಆದರೆ ಇಲ್ಲಿ ಒಂದು ದೊಡ್ಡ ಗುಂಡಿ ಇದೆ, ನಾನು ಅದರಲ್ಲಿ ಬಿದ್ದೆ. ಲೊಕೇಶನ್ ಸಾಲಿನಲ್ಲಿ /ಟಿಪ್ಪಣಿ ಅಂತ ಬರೆದಿದ್ದೆ, ಕೊನೆಯ / ಇಲ್ಲದೆ. ಅಲಿಯಾಸ್ ಸಾಲಿನಲ್ಲಿ /ಎಸ್‌ಆರ್‌ವಿ/ಟಿಪ್ಪಣಿ/ ಅಂತ, ಕೊನೆಯ / ಜೊತೆ. ಪಟ್ಟಿ ಚೆನ್ನಾಗಿಯೇ ಬರುತ್ತಿತ್ತು. ಪರೀಕ್ಷೆಗೆ ವಿಳಾಸದಲ್ಲಿ /ಟಿಪ್ಪಣಿ../ ಅಂತ ಎರಡು ಚುಕ್ಕೆ ಸೇರಿಸಿ ತೆರೆದೆ. /ಎಸ್‌ಆರ್‌ವಿ ಒಳಗಿನ ಎಲ್ಲ ಫೋಲ್ಡರುಗಳ ಪಟ್ಟಿ ಬಂದು ನಿಂತಿತು. ನಮ್ಮ ಬ್ಯಾಕಪ್ ಫೋಲ್ಡರ್ ಕೂಡ.

ಆಗುವುದು ಇಷ್ಟೇ. ಎಂಜಿನ್‌ಎಕ್ಸ್ ವಿಳಾಸದಿಂದ ಲೊಕೇಶನ್‌ಗೆ ಹೊಂದುವ ಭಾಗವನ್ನು, ಅಂದರೆ /ಟಿಪ್ಪಣಿ ಅನ್ನುವುದನ್ನು ಕತ್ತರಿಸುತ್ತದೆ. ಉಳಿದದ್ದು ../ ಮಾತ್ರ. ಅದನ್ನು ಅಲಿಯಾಸ್ ಕೊನೆಗೆ ಅಂಟಿಸುತ್ತದೆ. /ಎಸ್‌ಆರ್‌ವಿ/ಟಿಪ್ಪಣಿ/../ ಆಗುತ್ತದೆ. ಅಂದರೆ ಒಂದು ಮೆಟ್ಟಿಲು ಮೇಲೆ. ಪಟ್ಟಿ ಇಲ್ಲದ ಸರ್ವರಿನಲ್ಲಿ ಈ ತಪ್ಪು ಇದ್ದರೂ ಪಕ್ಕದ ಫೈಲುಗಳ ಹೆಸರು ಗೊತ್ತಿರಬೇಕು. ಪಟ್ಟಿ ಆನ್ ಇದ್ದರೆ ಸರ್ವರೇ ಎಲ್ಲ ಹೆಸರನ್ನೂ ಓದಿ ಹೇಳುತ್ತದೆ. ಲೊಕೇಶನ್ ಕೊನೆಗೂ / ಹಾಕಿದೆ, ಬಾಗಿಲು ಮುಚ್ಚಿತು. ಈ ಪರೀಕ್ಷೆಯನ್ನು ನೀವೂ ಇವತ್ತೇ ಒಮ್ಮೆ ಮಾಡಿ ನೋಡಿ. ಅರ್ಧ ನಿಮಿಷದ ಕೆಲಸ.

ತೆರೆದ ಮೇಲಿನ ವಾರ

ಆಕ್ಸೆಸ್ ಲಾಗ್ ನೋಡುತ್ತಾ ಕೂತಿದ್ದೆ. ಯಾರೋ ವಿಗೆಟ್ ಅನ್ನುವ ಫೈಲ್ ಇಳಿಸುವ ಕಮಾಂಡ್ ಹಾಕಿ ಇಡೀ ಸಂಗ್ರಹ ಇಳಿಸಿಕೊಳ್ಳುತ್ತಿದ್ದರು. ಸಂತೋಷವೇ, ಪ್ರತಿ ಇದ್ದಷ್ಟೂ ಒಳ್ಳೇದು. ಆದರೆ ಪ್ರತಿ ಫೋಲ್ಡರನ್ನೂ ಮತ್ತೆ ಮತ್ತೆ ಕೇಳುತ್ತಿತ್ತು. ನೋಡಿದರೆ ಕಾಲಂ ಹೆಸರುಗಳ ಆ ಸಿ, ಓ ಲಿಂಕುಗಳನ್ನೆಲ್ಲ ಬೇರೆ ಬೇರೆ ಪುಟ ಅಂತ ತಿಳಿದು ಒಂದೊಂದನ್ನೂ ಇಳಿಸುತ್ತಿದೆ. ಬೇಡವಾದರೆ ಸಪ್ರೆಸ್‌ಕಾಲಂಸಾರ್ಟಿಂಗ್ ಹಾಕಿ ಆ ಲಿಂಕುಗಳನ್ನೇ ತೆಗೆಯಬಹುದು. ದಿನಾಂಕದ ಪ್ರಕಾರ ಜೋಡಿಸಿಕೊಳ್ಳುವ ಅನುಕೂಲ ಹೋಗುತ್ತದೆ ಅಂತ ನಾನು ತೆಗೆಯಲಿಲ್ಲ. ಬದಲಿಗೆ ಮೇಲಿನ ಫೋಲ್ಡರಿಗೆ ಹತ್ತದಂತೆ -ಎನ್‌ಪಿ, ಆ ಸಿ, ಓ ಲಿಂಕುಗಳನ್ನು ಕೇಳದಂತೆ --ರಿಜೆಕ್ಟ್-ರೆಜೆಕ್ಸ್ ಕೊಟ್ಟ ಪೂರ್ತಿ ಕಮಾಂಡನ್ನೇ ರೀಡ್‌ಮಿಯಲ್ಲಿ ಬರೆದಿಟ್ಟೆ.

ಕರಡು ಫೋಲ್ಡರಿನ ವಿಳಾಸ ಹುಡುಕುವ ಎಂಜಿನ್ನುಗಳಲ್ಲಿ ಬರದಿರಲಿ ಅಂತ ಎಕ್ಸ್-ರೋಬೋಟ್ಸ್-ಟ್ಯಾಗ್ ನೋಇಂಡೆಕ್ಸ್ ಹೆಡರ್ ಸೇರಿಸಿದೆ. ಉಳಿದದ್ದು ಬರಲಿ. ಹುಡುಕುವವರಿಗೆ ಸಿಗಲಿ ಅಂತಲೇ ಇಟ್ಟದ್ದು.

ನಿನ್ನೆ ರಾತ್ರಿ ಲಾಗಿನಲ್ಲಿ 206 ಅನ್ನುವ ಉತ್ತರಗಳು ಒಂದೇ ಫೈಲಿಗೆ ಏಳು ಸಲ ಬಂದಿದ್ದವು. 206 ಅಂದರೆ ಪೂರ್ತಿ ಅಲ್ಲ, ಕೇಳಿದಷ್ಟು ಭಾಗ ಮಾತ್ರ ಕೊಟ್ಟೆ ಅಂತ. ಯಾರದೋ ನೆಟ್‌ವರ್ಕ್ ಕಡಿದು ಕಡಿದು ಹೋಗುತ್ತಿತ್ತೋ ಏನೋ, ಆದರೂ ಬಿಡದೆ ಮುಂದುವರಿಸಿ ಆ ಆಂಪ್ಲಿಫೈಯರಿನ 80 ಎಂಬಿ ಫೈಲನ್ನು ಪೂರ್ತಿ ತೆಗೆದುಕೊಂಡಂತಿದೆ. ಬೆಳಿಗ್ಗೆ ರೀಡ್‌ಮಿಯಲ್ಲಿ ಕೊಟ್ಟಿದ್ದ ಮೇಲ್ ವಿಳಾಸಕ್ಕೆ ಒಂದು ಸಾಲು ಬಂದಿತ್ತು. ಆ ಫೈಲಿನ 14ನೇ ಪುಟದ ಬಲಗಡೆ ಅಂಚು ಸ್ಕ್ಯಾನಿನಲ್ಲಿ ಕತ್ತರಿಸಿಹೋಗಿದೆಯಂತೆ, ಎರಡು ರೆಸಿಸ್ಟರಿನ ಬೆಲೆ ಓದಲಾಗುತ್ತಿಲ್ಲವಂತೆ. ಅಕ್ಕ ನೋಟ್‌ಬುಕ್ ಹುಡುಕಿ ತೆಗೆದಿದ್ದಾಳೆ. ಸ್ಕ್ಯಾನರ್ ಬಿಸಿಯಾಗುತ್ತಿದೆ, ಆ ಪುಟವನ್ನು ಈಗ ಹೊಸದಾಗಿ ಹಾಕುತ್ತಿದ್ದೇನೆ.